ಅಚ್ಚಾದ ಮಾಡ್ಯೂಲೋ, ಕೈಯಾರೆ ಕಟ್ಟಿದ ಕತೆಯೋ? ಡಿಎಂ ಆಗಹೊರಟವರಿಗೊಂದು ಹೋಲಿಕೆ

ನಾಲ್ಕೈದು ಜನ ಆಡಲು ಒಪ್ಪಿದ್ದಾರೆ, ದಾಳಗಳ ಸೆಟ್ ಬಂದಿದೆ, ನಿಯಮದ ಪುಸ್ತಕ ಅರ್ಧ ಓದಿ ಆಗಿದೆ. ಇನ್ನು ಆಡಿಸುವ ಕತೆ ಯಾವುದು? ಮಾಡ್ಯೂಲ್ (ಆಡಿಸಲೆಂದೇ ಅಚ್ಚು ಹಾಕಿದ ಸಿದ್ಧ ಕತೆ) ಕೊಳ್ಳುವುದೋ, ತಲೆಯಲ್ಲಿ ಓಡುತ್ತಿರುವ ಕತೆಯನ್ನೇ ಮೇಜಿಗೆ ತರುವುದೋ ಎಂದು ತಿಂಗಳುಗಟ್ಟಲೆ ತೂಗುತ್ತ ಕೂರುವ ಡಿಎಂಗಳು (ಡಂಜನ್ ಮಾಸ್ಟರ್, ಅಂದರೆ ಕತೆ ಹೇಳಿ ಆಟ ನಡೆಸುವವರು) ಕಡಿಮೆಯಿಲ್ಲ. ಅಷ್ಟರಲ್ಲಿ ಒಪ್ಪಿದವರ ಹುರುಪು ಆರಿರುತ್ತದೆ.

ಇಲ್ಲಿನ ಲೆಕ್ಕವೆಲ್ಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಹಾಕಿ ಆಡುವ ಕತೆಯಾಟದ ಐದನೇ ಆವೃತ್ತಿಯ 2014ರ ನಿಯಮಗಳದ್ದು. ಇನ್ನೊಂದು ಮಾತು: ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಮತ್ತು ‘ಕರ್ಸ್ ಆಫ್ ಸ್ಟ್ರಾಡ್’ ಎಂಬ ಎರಡು ಮಾಡ್ಯೂಲ್‌ಗಳ ಕೆಲವು ಗುಟ್ಟುಗಳು ಮುಂದೆ ಬಯಲಾಗುತ್ತವೆ. ಅವನ್ನು ಆಟಗಾರರಾಗಿ ಆಡುವ ಆಸೆಯಿದ್ದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಯಾವುದರ ಮೇಲೆ ತೂಗಬೇಕು

ಮೊದಲು ಸಮಯ. ಅಚ್ಚಾದ ಕತೆ ಆರಂಭದಲ್ಲೇ ದೊಡ್ಡ ಮೊತ್ತದ ಸಮಯ ಕೇಳುತ್ತದೆ: ಇಡೀ ಪುಸ್ತಕ ಓದಿ, ಯಾರು ಯಾರಿಗೆ ಏನಾಗಬೇಕು ಎಂದು ಗುರುತು ಹಾಕಿಕೊಳ್ಳಬೇಕು. ಸ್ವಂತ ಕತೆ ಕಂತಿನಲ್ಲಿ ಕೇಳುತ್ತದೆ, ಪ್ರತಿ ಸೆಷನ್‌ಗೂ ಒಂದೆರಡು ಗಂಟೆ, ಕ್ಯಾಂಪೇನ್ (ಹಲವು ಸೆಷನ್‌ಗಳ ಉದ್ದದ ಕತೆ) ಮುಗಿಯುವವರೆಗೂ. ಒಂದು ವಾರಾಂತ್ಯ ಪೂರ್ತಿ ಬಿಡುವು ಮಾಡಿಕೊಳ್ಳಬಲ್ಲವರು, ಪ್ರತಿ ಗುರುವಾರ ರಾತ್ರಿ ಒಂದು ಗಂಟೆ ಕೂರಬಲ್ಲವರು ಬೇರೆ ಬೇರೆ ಜನ. ನೀವು ಯಾವ ಗುಂಪಿನವರೆಂದು ಮೊದಲು ತಿಳಿದುಕೊಳ್ಳಿ.

ಎರಡನೆಯದು ಅಂಕಿಯ ಅಂದಾಜು. ಎಷ್ಟು ಶತ್ರುಗಳನ್ನು ಬಿಟ್ಟರೆ ಆಟಗಾರರಿಗೆ ಬೆವರು ಬರುತ್ತದೆ, ಎಷ್ಟಾದರೆ ಪಾತ್ರಗಳೆಲ್ಲ ಸಾಯುತ್ತವೆ ಎಂಬುದು ಹತ್ತಾರು ಕಾದಾಟ ನಡೆಸಿದ ಮೇಲೆ ಕೈಗೆ ಹತ್ತುವ ಅಂದಾಜು. ಮೂರನೆಯದು ಹಾಜರಾತಿ: ಅದೇ ಐವರು ಪ್ರತಿ ಸಲ ಬರುತ್ತಾರೋ, ವಾರಕ್ಕೊಬ್ಬರು ತಪ್ಪಿಸಿಕೊಳ್ಳುತ್ತಾರೋ. ನಾಲ್ಕನೆಯದು ಆಟಗಾರರ ಸ್ವಭಾವ. ತೋರಿಸಿದ ದಾರಿಯಲ್ಲಿ ಹೋಗುವವರೋ, ಹಳ್ಳಿಯ ಅಂಗಡಿಯವಳ ಜೊತೆ ಒಂದು ಗಂಟೆ ಚೌಕಾಸಿ ಮಾಡಿ ಅವಳ ಮಗಳ ಮದುವೆ ಮಾಡಿಸಲು ಹೊರಡುವವರೋ? ಐದನೆಯದು ಭಾಷೆ. ನಿಮ್ಮ ಮೇಜಿನಲ್ಲಿ ಕನ್ನಡ ನಡೆಯುವುದಾದರೆ ಇದರ ತೂಕ ಅಂದುಕೊಂಡದ್ದಕ್ಕಿಂತ ಹೆಚ್ಚು. ದುಡ್ಡನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಕಾಸಿಲ್ಲದೆಯೂ ವರ್ಷಗಟ್ಟಲೆ ಆಡಬಹುದಾದ ಆಟ ಇದು.

ಚಿಕ್ಕ ಮಾಡ್ಯೂಲ್

ಇದಕ್ಕೆ ಒಳ್ಳೆಯ ಉದಾಹರಣೆ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ ಲಾಸ್ಟ್ ಮೈನ್. 64 ಪುಟದ ಕತೆ, 32 ಪುಟದ ನಿಯಮ, ಐದು ಸಿದ್ಧ ಪಾತ್ರಗಳು, ಒಂದನೇ ಲೆವೆಲ್‌ನಿಂದ ಐದರವರೆಗಿನ ದಾರಿ. ರಾಕ್ಷಸರ, ಪ್ರಾಣಿಗಳ ಅಂಕಿಗಳೂ ಅದೇ ಪುಸ್ತಕದ ಹಿಂಭಾಗದಲ್ಲಿವೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಮೇಜಿನ ಮೇಲೆ ಎರಡನೇ ಪುಸ್ತಕ ತೆರೆಯಬೇಕಿಲ್ಲ ಎಂದರೆ ಹೊಸ ಡಿಎಂಗೆ ಅರ್ಧ ಭಾರ ಇಳಿದಂತೆ.

ಅಚ್ಚಾದದ್ದು ಅಂದ ಮಾತ್ರಕ್ಕೆ ತೂಕ ಸರಿಯಿರುತ್ತದೆ ಎಂದು ನಂಬುವ ಹಾಗಿಲ್ಲ. ಈ ಕತೆಯ ಮೊದಲ ಕಾದಾಟವನ್ನೇ ನೋಡಿ. ದಾರಿಯಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ, ಪೊದೆಗಳ ಹಿಂದೆ ನಾಲ್ಕು ಗಾಬ್ಲಿನ್‌ಗಳು ಅಡಗಿವೆ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ), ನಾಲ್ಕಕ್ಕೆ 200. ಶತ್ರುಗಳು ಮೂರರಿಂದ ಆರು ಇದ್ದರೆ ಆ ಮೊತ್ತವನ್ನು ಎರಡರಿಂದ ಗುಣಿಸಬೇಕು ಎನ್ನುತ್ತದೆ 2014ರ ಡಂಜನ್ ಮಾಸ್ಟರ್ಸ್ ಗೈಡ್, ಹಾಗಾಗಿ 400. ಒಂದನೇ ಲೆವೆಲ್‌ನ ಪಾತ್ರವೊಂದಕ್ಕೆ ‘ಡೆಡ್ಲಿ’ (ಪ್ರಾಣಾಪಾಯದ) ಗೆರೆ 100. ನಾಲ್ವರು ಆಡುತ್ತಿದ್ದರೆ ಗೆರೆ 400. ಅಂದರೆ ದಾಳ ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿರುವವರ ಮೊದಲ ಜಗಳ ನೇರ ಡೆಡ್ಲಿ ಗೆರೆಯ ಮೇಲೆ ಕೂತಿದೆ. ಐವರಾದರೆ ಗೆರೆ 500ಕ್ಕೆ ಏರಿ ಅದೇ ಕಾದಾಟ ಒಂದು ಮೆಟ್ಟಿಲು ಕೆಳಗೆ ‘ಹಾರ್ಡ್’ ಆಗುತ್ತದೆ. ಗಾಬ್ಲಿನ್‌ನ ಒಂದು ಏಟು ಸರಾಸರಿ 5, ಒಂದನೇ ಲೆವೆಲ್‌ನ ಮಾಂತ್ರಿಕನ ಹಿಟ್ ಪಾಯಿಂಟ್ (ತಡೆದುಕೊಳ್ಳಬಲ್ಲ ಏಟಿನ ಲೆಕ್ಕ) ಏಳೆಂಟು. ಎರಡು ಬಾಣ ತಾಗಿದರೆ ಮಾಂತ್ರಿಕ ಮಲಗಿದ, ಆ ಆಟಗಾರ ಮುಂದಿನ ಅರ್ಧ ಗಂಟೆ ಮೊಬೈಲ್ ನೋಡುತ್ತ ಕೂರುತ್ತಾನೆ.

ಪರಿಹಾರ ಸುಲಭ. ನಾಲ್ವರೋ ಮೂವರೋ ಇದ್ದರೆ ಎರಡೇ ಗಾಬ್ಲಿನ್‌ಗಳಿಂದ ಶುರು ಮಾಡಿ, ಉಳಿದೆರಡು ಎರಡನೇ ಸುತ್ತಿನ ಕೊನೆಗೆ ಓಡಿ ಬರಲಿ. ಆಟಗಾರರು ಆಗಲೇ ಸೊರಗಿದ್ದರೆ ಬರುವುದೇ ಬೇಡ. ಸೋತರೂ ಆಟ ಅಲ್ಲಿಗೇ ಮುಗಿಯಬೇಕಿಲ್ಲ. ಗಾಬ್ಲಿನ್‌ಗಳು ಪ್ರಜ್ಞೆ ತಪ್ಪಿದವರನ್ನು ದೋಚಿಕೊಂಡು ಹೋಗುತ್ತವೆ ಎಂದು ಮಾಡ್ಯೂಲೇ ಹೇಳಿದೆ. ಆ ಸಾಲನ್ನು ಓದದೆ ಎಲ್ಲರನ್ನೂ ಸಾಯಿಸಿದ ಡಿಎಂಗಳು ಬೇಕಾದಷ್ಟಿದ್ದಾರೆ.

ಹಾಗಿದ್ದೂ ಈ ಕತೆಯನ್ನು ಹೊಸಬರಿಗೆ ಹೇಳುವುದಕ್ಕೆ ಕಾರಣವಿದೆ. ಗಾಬ್ಲಿನ್‌ಗಳ ಗುಹೆಗೆ ಹೋದರೆ ಅಲ್ಲಿ ಯೀಮಿಕ್ ಎಂಬ ಉಪನಾಯಕ ಒತ್ತೆಯಾಳನ್ನು ಹಿಡಿದುಕೊಂಡು, ‘ನಮ್ಮ ಒಡೆಯ ಕ್ಲಾರ್ಗ್‌ನನ್ನು ಕೊಂದು ಬಂದರೆ ಇವನನ್ನು ಬಿಡುತ್ತೇನೆ’ ಎನ್ನುತ್ತಾನೆ. ಒಂದೇ ಗುಹೆ, ಎರಡು ಸ್ವಾರ್ಥ, ಮೂರು ದಾರಿ: ಹೊಡೆದಾಡಬಹುದು, ಒಪ್ಪಂದ ಮಾಡಿಕೊಳ್ಳಬಹುದು, ಒಬ್ಬನ ಮೇಲೆ ಇನ್ನೊಬ್ಬನನ್ನು ಎತ್ತಿ ಕಟ್ಟಬಹುದು. ಸ್ವಂತ ಕತೆ ಬರೆಯುವವರು ಕದಿಯಬೇಕಾದದ್ದು ಈ ಬಗೆಯ ಜೋಡಣೆಯನ್ನು.

ಹಾಜರಾತಿ ಸರಿಯಿಲ್ಲದ ಗುಂಪಿಗೆ ಬಿಡಿ ಕತೆಗಳ ಸಂಕಲನ ಇನ್ನೂ ವಾಸಿ. 2021ರ ‘ಕ್ಯಾಂಡಲ್‌ಕೀಪ್ ಮಿಸ್ಟರೀಸ್’ನಲ್ಲಿ 17 ಕತೆಗಳಿವೆ, 2022ರ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್’ನಲ್ಲಿ 13. ಒಂದಕ್ಕೊಂದು ಅಂಟಿಲ್ಲ. ಈ ಸಲ ಬಾರದವರಿಗೆ ಮುಂದಿನ ಸಲ ಹಿಂದಿನ ಕತೆ ಹೇಳುತ್ತ ಕೂರುವ ಕೆಲಸ ತಪ್ಪುತ್ತದೆ.

ದೊಡ್ಡ ಕ್ಯಾಂಪೇನ್ ಪುಸ್ತಕ

2016ರ ಕರ್ಸ್ ಆಫ್ ಸ್ಟ್ರಾಡ್ 256 ಪುಟ, ಒಂದರಿಂದ ಹತ್ತನೇ ಲೆವೆಲ್‌ವರೆಗೆ. ಬೇರು 1983ರ ರೇವನ್‌ಲಾಫ್ಟ್ ಮಾಡ್ಯೂಲ್. ಹದಿನೈದು ದಿನಕ್ಕೊಮ್ಮೆ ಮೂರು ಗಂಟೆ ಕೂರುವ ಗುಂಪಿಗೆ ಇದು ವರ್ಷ ದಾಟುವ ಬಾಬತ್ತು. ಅಷ್ಟು ದಿನ ಅದೇ ಜನ ಉಳಿಯುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಕೈ ಹಾಕಬೇಡಿ.

ಇಂಥ ಪುಸ್ತಕದಲ್ಲಿ ಕೆಡುವುದು ಎರಡು ಕಡೆ. ಒಂದು, ಮಾಹಿತಿ ಚದುರಿರುತ್ತದೆ. ಇದರಲ್ಲಿ ಟರೋಕಾ ಎಂಬ ಇಸ್ಪೀಟಿನಂಥ ಕಾರ್ಡ್‌ಗಳಿಂದ ಭವಿಷ್ಯ ಹೇಳುವ ಪ್ರಸಂಗ ಬರುತ್ತದೆ. ಕತೆಯ ಖಳ ಸ್ಟ್ರಾಡ್‌ನನ್ನು ಸೋಲಿಸಲು ಬೇಕಾದ ಮೂರು ವಸ್ತುಗಳು ಎಲ್ಲಿವೆ, ಜೊತೆಗೆ ನಿಲ್ಲುವವರು ಯಾರು, ಕೊನೆಯ ಕಾಳಗ ಕೋಟೆಯ ಯಾವ ಮೂಲೆಯಲ್ಲಿ ಎಂಬುದೆಲ್ಲ ಆ ಕಾರ್ಡ್‌ಗಳಿಂದ ತೀರ್ಮಾನವಾಗುತ್ತದೆ. ಆಟದ ಮಧ್ಯೆ ಕಾರ್ಡ್ ತೆಗೆದರೆ ಉತ್ತರ ಐದು ಬೇರೆ ಅಧ್ಯಾಯಗಳಲ್ಲಿ ಬಿದ್ದಿರುತ್ತದೆ. ಮನೆಯಲ್ಲೇ ಕಾರ್ಡ್ ತೆಗೆದು, ಆ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿ, ಮೇಜಿನ ಮೇಲೆ ಅದೇ ಕ್ರಮದಲ್ಲಿ ಜೋಡಿಸಿಟ್ಟ ಕಟ್ಟನ್ನು ಬಿಚ್ಚಿ. ಮೋಸ ಅನಿಸಿದರೂ ಪರವಾಗಿಲ್ಲ, ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು, ಆಟಗಾರರು ತಮ್ಮ ಲೆವೆಲ್‌ಗೆ ಮೀರಿದ ಜಾಗಕ್ಕೆ ಹೊಕ್ಕುಬಿಡುತ್ತಾರೆ. ಬರೋವಿಯಾ ಹಳ್ಳಿಯಿಂದ ವಲ್ಲಾಕಿ ಪಟ್ಟಣಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಒಂದು ಹಳೆಯ ಗಾಳಿಗಿರಣಿ ಇದೆ. ಒಳಗೆ ನೈಟ್ ಹ್ಯಾಗ್ ಎಂಬ ಮೂವರು ಮಾಟಗಾತಿಯರು, ಒಬ್ಬೊಬ್ಬಳದೂ 112 ಹಿಟ್ ಪಾಯಿಂಟ್, ಚಾಲೆಂಜ್ ರೇಟಿಂಗ್ (ಎದುರಾಳಿಯ ಕಷ್ಟದ ಮಟ್ಟ) 5. ಮೂರು ನಾಲ್ಕನೇ ಲೆವೆಲ್‌ನವರು ಬಾಗಿಲು ಒದ್ದು ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಆಟಗಾರರಿಗೆ ‘ಇಲ್ಲಿ ಓಡಿಹೋಗುವುದೂ ಆಟವೇ’ ಎಂದು ಮೊದಲ ದಿನವೇ ಹೇಳಿಡಿ. ಮತ್ತೆ, ಗಿರಣಿಯ ಮುದುಕಿ ಮೊದಲು ಕಡುಬು ಮಾರುವವಳಾಗಿ ಪೇಟೆಯಲ್ಲೋ ದಾರಿಯಲ್ಲೋ ಎದುರಾಗಲಿ.

ಈ ಪುಸ್ತಕಕ್ಕೆ ಮಾನ್‌ಸ್ಟರ್ ಮ್ಯಾನ್ಯುಯಲ್ ಬೇರೆ ಬೇಕು, ಎಲ್ಲ ಅಂಕಿಗಳೂ ಇದರೊಳಗೆ ಇಲ್ಲ. ಬೆಲೆ ನೋಡುವಾಗ ಎರಡು ಪುಸ್ತಕದ ಲೆಕ್ಕ ಹಾಕಿ.

ಪೂರ್ತಿ ಸ್ವಂತದ್ದು

ಸ್ವಂತದ್ದು ಎನ್ನುವಾಗ ಎರಡು ಸಂಗತಿ ಕಲಸಿಹೋಗುತ್ತವೆ: ಸ್ವಂತ ಕತೆ ಮತ್ತು ಸ್ವಂತ ನಿಯಮ. ಕತೆಯನ್ನು ಮೊದಲ ದಿನದಿಂದಲೇ ಕಟ್ಟಬಹುದು. ಹೊಸ ಕ್ಲಾಸ್ (ಪಾತ್ರದ ಕಸುಬು), ಹೊಸ ಮಂತ್ರ, ಹೊಸ ರಾಕ್ಷಸ ಇವನ್ನೆಲ್ಲ ಹತ್ತು ಸೆಷನ್ ಆಡಿಸುವವರೆಗೆ ಮುಟ್ಟದಿರುವುದು ಕ್ಷೇಮ. ಬದಲಿಗೆ ಅಂಕಿ ಪುಸ್ತಕದ್ದು, ವೇಷ ನಿಮ್ಮದು ಎಂಬಂತೆ ಮಾಡಿ.

ಇಲ್ಲೂ ಎಡವಬಹುದು. ಕೊಳ್ಳಿದೆವ್ವವನ್ನು ಕತೆಗೆ ತರಬೇಕು ಅನ್ನಿ. ಪುಸ್ತಕದಲ್ಲಿ ಅದಕ್ಕೆ ಸರಿಸಾಟಿಯಾದ ವಿಲ್-ಓ-ವಿಸ್ಪ್ ಇದೆಯಲ್ಲ ಎಂದು ಒಂದನೇ ಲೆವೆಲ್‌ನ ನಾಲ್ವರ ಮುಂದೆ ಬಿಟ್ಟರೆ ಏನಾಗುತ್ತದೆ? ಅದರ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 19. ದಾಳಿಗೆ 5 ಕೂಡಿಸುವ ಪಾತ್ರ 20 ಮುಖದ ದಾಳದಲ್ಲಿ 14 ಅಥವಾ ಮೇಲೆ ಹಾಕಬೇಕು, ಅಂದರೆ ನೂರರಲ್ಲಿ 35 ಸಲ. ತಾಗಿದರೂ ಮಾಂತ್ರಿಕವಲ್ಲದ ಕತ್ತಿಯ ಏಟು ಅದಕ್ಕೆ ಅರ್ಧವೇ. ಹಿಟ್ ಪಾಯಿಂಟ್ 22, ಸಾಲದ್ದಕ್ಕೆ ಮಾಯವಾಗುವ ಶಕ್ತಿ. ನಾಲ್ವರು ಬೀಸುತ್ತಲೇ ಇದ್ದರೂ ಐದಾರು ಸುತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಮೇಜಿನ ಸುತ್ತ ಕೇಳುವುದು ‘ತಾಗಲಿಲ್ಲ, ತಾಗಲಿಲ್ಲ’ ಎಂಬ ಮಾತೊಂದೇ. ಆ ಲೆವೆಲ್‌ಗೆ ಗಾಬ್ಲಿನ್‌ನ ಅಂಕಿಯನ್ನೇ ತೆಗೆದುಕೊಂಡು (ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ 7) ಅದಕ್ಕೆ ಬೆಂಕಿಯ ಬಾಯಿ ಕೊಡಿ. ಏಟು ಹಾಕಿ ಸರಕ್ಕನೆ ಅಡಗುವ ಗಾಬ್ಲಿನ್‌ನ ಗುಣ ಕೊಳ್ಳಿದೆವ್ವಕ್ಕೆ ಹೊಲಿಸಿದ ಹಾಗೆ ಕೂರುತ್ತದೆ. ಅದು ಯಾವ ಪುಟದಿಂದ ಬಂತೆಂದು ಆಟಗಾರರು ಕೇಳುವುದಿಲ್ಲ.

ನಕ್ಷೆಯನ್ನೂ ಸೊನ್ನೆಯಿಂದ ಬರೆಯಬೇಕಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಒಮ್ಮೆ ನಡೆದು ನೋಡಿದವರ ಬಳಿ ಆಗಲೇ ಒಳ್ಳೆಯ ನಕ್ಷೆ ಇದೆ: ನೇರ ಹೋಗಲು ಬಿಡದೆ ತಿರುಗಿಸುವ ಬಾಗಿಲುಗಳು, ಎಣ್ಣೆ ಕೊಳ, ಅಕ್ಕ-ತಂಗಿ ಹೊಂಡ, ಬಂಡೆಗಳ ನಡುವಿನ ಕಿಂಡಿ. ಐದನೇ ಆವೃತ್ತಿಯಲ್ಲಿ ಮೈ ಹಿಡಿಸದ ಸಂದಿಯಲ್ಲಿ ನುಸುಳುವುದಕ್ಕೆ ನಿಯಮವಿದೆ. ಒಂದು ಅಡಿ ಸರಿಯಲು ಎರಡು ಅಡಿಯ ನಡಿಗೆ ಖರ್ಚಾಗುತ್ತದೆ, ನುಸುಳುತ್ತಿರುವವರ ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಚಿಕ್ಕದನ್ನು ಹಿಡಿಯುವುದು), ಅವರ ಮೇಲೆ ಬೀಳುವ ದಾಳಿಗೆ ಅಡ್ವಾಂಟೇಜ್ (ದೊಡ್ಡದನ್ನು ಹಿಡಿಯುವುದು). ಓಬವ್ವ ಒನಕೆ ಹಿಡಿದು ನಿಂತದ್ದು ಯಾಕೆ ಫಲಿಸಿತು ಎಂಬುದು ಈ ಒಂದು ನಿಯಮದಲ್ಲಿದೆ. ಕಿಂಡಿಯ ಈಚೆ ಆಟಗಾರರನ್ನು ನಿಲ್ಲಿಸಿ, ಆಚೆಯಿಂದ ಒಬ್ಬೊಬ್ಬರೇ ಬರುವ ಹನ್ನೆರಡು ಗಾಬ್ಲಿನ್‌ಗಳನ್ನು ಬಿಟ್ಟರೆ, ಲೆಕ್ಕದಲ್ಲಿ ಡೆಡ್ಲಿಯನ್ನು ಎಷ್ಟೋ ಪಟ್ಟು ಮೀರಿದ್ದು ಮೇಜಿನ ಮೇಲೆ ಗೆಲ್ಲಬಹುದಾದ ಕಾಳಗವಾಗುತ್ತದೆ. ಅದನ್ನೇ ತಿರುಗಿಸಿ, ಆಟಗಾರರೇ ಕಿಂಡಿಯೊಳಗೆ ನುಸುಳಬೇಕಾದರೆ ಆಚೆ ಕಡೆ ಇಬ್ಬರು ಕಾವಲುಗಾರರಿದ್ದರೂ ಪ್ರಾಣಕ್ಕೆ ಬರುತ್ತದೆ.

ಮೂರು ಗಂಟೆಯ ಸೆಷನ್‌ಗೆ ಎಷ್ಟು ಬರೆದಿಡಬೇಕು? ಆರಂಭದ ಒಂದು ದೃಶ್ಯ, ಮೂರು ಜಾಗ, ಹೆಸರು ಮತ್ತು ಬಯಕೆ ಇರುವ ಮೂವರು ಎನ್‌ಪಿಸಿಗಳು (ಡಿಎಂ ಆಡಿಸುವ ಪಾತ್ರಗಳು), ಎರಡು ಕಾದಾಟ (ಒಂದು ನಡೆಯದೇ ಹೋಗಬಹುದು), ಆಟಗಾರರು ಎಲ್ಲಿ ಹೋದರೂ ಕೈಗೆ ಸಿಗಬಹುದಾದ ಎಂಟು ಹತ್ತು ಗುಟ್ಟುಗಳು, ಹೆಸರುಗಳ ಒಂದು ಪಟ್ಟಿ. ಒಂದು ಹಾಳೆಯ ಎರಡು ಬದಿ ಸಾಕು. ಸಾವಿರ ವರ್ಷದ ರಾಜವಂಶಗಳ ಇತಿಹಾಸ ಬರೆಯುವ ಚಪಲ ಬಹಳ ಜನರಿಗೆ. ಬರೆಯಿರಿ, ಖುಷಿಯ ಕೆಲಸ. ಅದನ್ನು ತಯಾರಿ ಎಂದು ಮಾತ್ರ ಎಣಿಸಬೇಡಿ.

ಸ್ವಂತ ಕತೆಯ ದೊಡ್ಡ ಕುತ್ತು ಎಂದರೆ ಬರೆದವರಿಗೆ ಕೊನೆ ಮೊದಲೇ ಗೊತ್ತಿರುವುದು. ಗುಟ್ಟಿನ ಬಾಗಿಲು ಕಂಡರೆ ಮಾತ್ರ ಕತೆ ಮುಂದೆ ಹೋಗುತ್ತದೆ ಎಂದಿಟ್ಟರೆ, ದಾಳ ಕೈಕೊಟ್ಟ ದಿನ ಎಲ್ಲರೂ ಗೋಡೆ ನೋಡುತ್ತ ಕೂರುತ್ತಾರೆ. ಆಟಗಾರರು ಮುಟ್ಟಲೇಬೇಕಾದ ಪ್ರತಿ ತೀರ್ಮಾನಕ್ಕೂ ಮೂರು ಬೇರೆ ಸುಳಿವು ಇಡಬೇಕೆಂದು ಅನುಭವಿ ಡಿಎಂಗಳು ಹೇಳುವುದು ಇದಕ್ಕೇ. ಒಂದು ಕಣ್ತಪ್ಪುತ್ತದೆ, ಒಂದನ್ನು ತಪ್ಪಾಗಿ ತಿಳಿಯುತ್ತಾರೆ, ಒಂದು ದಡ ಸೇರಿಸುತ್ತದೆ.

ಉಡುಗೊರೆ ಕೊಡುವಾಗ ಧಾರಾಳತನ ಬೇಡ. ಎರಡನೇ ಲೆವೆಲ್‌ನಲ್ಲಿ ಹಾರುವ ಪೊರಕೆ ಕೊಟ್ಟರೆ ಬಿಲ್ಲಿಲ್ಲದ ಶತ್ರುಗಳೆಲ್ಲ ಅಂದಿನಿಂದ ನಿರುಪಯೋಗಿ. ಪುಸ್ತಕದಲ್ಲಿ ಅದನ್ನು ‘ಅನ್‌ಕಾಮನ್’ ಎಂದು ಬರೆದಿರುವುದನ್ನು ನಂಬಿ ಮೋಸ ಹೋಗಬೇಡಿ.

ಬೆರಕೆ

ನನ್ನ ಒಲವು ಇತ್ತ. ಅಂಕಿ ಮತ್ತು ನಕ್ಷೆಯನ್ನು ಕೊಳ್ಳಿ, ಜನರನ್ನೂ ಅವರ ಕಾರಣಗಳನ್ನೂ ನೀವೇ ಮಾಡಿ. ಮಾಡ್ಯೂಲ್ ಬರೆದವರಿಗೆ ಕಾದಾಟದ ತೂಕ ನಿಮಗಿಂತ ಹೆಚ್ಚು ಗೊತ್ತು, ನಿಮ್ಮ ಆಟಗಾರರು ಅವರಿಗಿಂತ ನಿಮಗೆ ಹೆಚ್ಚು ಗೊತ್ತು.

ಲಾಸ್ಟ್ ಮೈನ್‌ನಲ್ಲಿ ಗಂಡ್ರೆನ್ ಎಂಬ ಕುಳ್ಳ ತಲಾ ಹತ್ತು ಚಿನ್ನದ ನಾಣ್ಯಕ್ಕೆ ಗಾಡಿ ಸಾಗಿಸಲು ಕಳಿಸುತ್ತಾನೆ. ಹತ್ತು ನಾಣ್ಯಕ್ಕಾಗಿ ಜೀವ ಒತ್ತೆಯಿಡುವ ಕಾರಣ ಎಲ್ಲ ಪಾತ್ರಗಳಿಗೂ ಇರುವುದಿಲ್ಲ. ಗಂಡ್ರೆನ್‌ನನ್ನು ಒಂದು ಪಾತ್ರದ ಮಾವನನ್ನಾಗಿ ಮಾಡಿ, ಇನ್ನೊಂದು ಪಾತ್ರ ಅವನಿಗೆ ಸಾಲ ತೀರಿಸಬೇಕಿರಲಿ. ಗುಹೆ, ಗಾಬ್ಲಿನ್ ಎಲ್ಲ ಹಾಗೇ ಇರಲಿ. ಹತ್ತು ನಿಮಿಷದ ಕೆಲಸ, ಕತೆಯ ಹಿಡಿತವೇ ಬೇರೆ. ಮೊದಲ ಕಾದಾಟಕ್ಕೆ ಮೇಲೆ ಹೇಳಿದ ತಿದ್ದುಪಡಿ ಬಿಟ್ಟರೆ, ಮೊದಲ ಐದಾರು ಸೆಷನ್ ಹೆಸರು, ನಂಟು, ಉದ್ದೇಶ ಇವಿಷ್ಟನ್ನೇ ಬದಲಿಸಿ. ಶತ್ರುಗಳ ಸಂಖ್ಯೆ, ನಿಧಿ, ಲೆವೆಲ್ ಏರುವ ವೇಗ ಇವಕ್ಕೆ ಆಮೇಲೆ ಕೈ ಹಾಕಬಹುದು. ಒಂದೇ ಒಂದು ಎಚ್ಚರ: ಯಾರನ್ನಾದರೂ ಕತೆಯಿಂದ ತೆಗೆಯುವ ಮುನ್ನ ಆ ಹೆಸರು ಮುಂದಿನ ಅಧ್ಯಾಯಗಳಲ್ಲಿ ಎಲ್ಲೆಲ್ಲಿ ಬರುತ್ತದೆಂದು ಹುಡುಕಿ. ಪಿಡಿಎಫ್ ಇದ್ದರೆ ಅರ್ಧ ನಿಮಿಷ.

ಕನ್ನಡದಲ್ಲಿ ಆಡಿಸುವಾಗ

ಮಾಡ್ಯೂಲ್‌ಗಳಲ್ಲಿ ಚೌಕಟ್ಟಿನೊಳಗೆ ಗಟ್ಟಿಯಾಗಿ ಓದಲೆಂದು ಕೊಟ್ಟ ಇಂಗ್ಲಿಷ್ ವರ್ಣನೆಗಳಿರುತ್ತವೆ. ಅದನ್ನು ಸ್ಥಳದಲ್ಲೇ ಅನುವಾದಿಸಹೊರಟರೆ ನಾಲಗೆ ತೊಡರುತ್ತದೆ. ಮೊದಲೇ ಎರಡು ಮೂರು ಸಾಲಿಗೆ ಇಳಿಸಿ ಬರೆದಿಡಿ: ಏನು ಕಾಣುತ್ತದೆ, ಯಾವ ಸದ್ದು ಅಥವಾ ವಾಸನೆ, ಹೊರದಾರಿ ಎಲ್ಲಿ.

ಇಂಗ್ಲಿಷ್ ಪುಸ್ತಕ ಹೇಳದ, ನೀವು ತೀರ್ಮಾನಿಸಲೇಬೇಕಾದ ಸಂಗತಿ ಇನ್ನೊಂದಿದೆ: ಯಾರು ಯಾರಿಗೆ ನೀನು, ಯಾರಿಗೆ ನೀವು, ಯಾರಿಗೆ ತಾವು. ಕ್ಲಾರ್ಗ್ ಎಲ್ಲರನ್ನೂ ‘ಏನ್ರಲಾ’ ಎನ್ನಲಿ. ಯೀಮಿಕ್ ಅವನ ಎದುರಿಗೆ ‘ಧಣಿ’ ಎನ್ನಲಿ, ಹಿಂದಿನಿಂದ ‘ಆ ನನ್ಮಗ’ ಎನ್ನಲಿ. ಇವರಿಬ್ಬರ ನಡುವೆ ಬಿರುಕಿದೆ ಎಂಬುದು ಆಟಗಾರರಿಗೆ ದಾಳ ಹಾಕದೆಯೇ ತಿಳಿದುಬಿಡುತ್ತದೆ. ಈ ವಿಷಯದಲ್ಲಿ ಸ್ವಂತ ಕತೆಗೆ ಮೇಲುಗೈ, ಅದು ಹುಟ್ಟುವಾಗಲೇ ಈ ಸಂಬಂಧಗಳನ್ನು ಹೊತ್ತುಕೊಂಡು ಹುಟ್ಟುತ್ತದೆ.

ದುಡ್ಡು

ಸ್ಟಾರ್ಟರ್ ಸೆಟ್‌ನ ಮುದ್ರಿತ ಬೆಲೆ 19.99 ಡಾಲರ್ ಇತ್ತು, ಕರ್ಸ್ ಆಫ್ ಸ್ಟ್ರಾಡ್‌ನದು 49.95. ಭಾರತಕ್ಕೆ ತರಿಸುವಾಗ ಸಾಗಣೆ ಸೇರಿ ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾಗುತ್ತದೆ, ಎರಡು ಮೂರು ಕಡೆ ವಿಚಾರಿಸಿ. ಏನನ್ನೂ ಕೊಳ್ಳದವರಿಗೆ ಬೇಸಿಕ್ ರೂಲ್ಸ್ ಉಚಿತ ಪಿಡಿಎಫ್ ಆಗಿ ಬಂದಿತ್ತು. 2023ರ ಜನವರಿಯಲ್ಲಿ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ಕಡತ) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆಯಾಯಿತು. ಮೂಲವನ್ನು ಹೆಸರಿಸಿದರೆ ಅದರ ಮೇಲೆ ನೀವು ಕಟ್ಟಿದ್ದನ್ನು ಮಾರಲೂಬಹುದು. ಗಾಬ್ಲಿನ್, ವಿಲ್-ಓ-ವಿಸ್ಪ್ ಎರಡರ ಅಂಕಿಯೂ ಅದರಲ್ಲಿದೆ. ಆನ್‌ಲೈನ್ ಆಡುವವರು ರೋಲ್20, ಫೌಂಡ್ರಿಯಂಥ ಆನ್‌ಲೈನ್ ಮೇಜುಗಳಲ್ಲಿ ಮಾಡ್ಯೂಲ್ ಕೊಳ್ಳುವ ಮುನ್ನ ಯೋಚಿಸಿ. ನಕ್ಷೆ, ಟೋಕನ್ ಎಲ್ಲ ಜೋಡಿಸಿ ಕೊಡುತ್ತಾರೆ, ಆದರೆ ಒಂದು ಕಡೆ ಕೊಂಡದ್ದು ಸಾಮಾನ್ಯವಾಗಿ ಇನ್ನೊಂದು ಕಡೆ ನಡೆಯುವುದಿಲ್ಲ.

ಯಾರಿಗೆ ಯಾವುದು

ಮೊದಲ ಸಲ ಡಿಎಂ ಆಗುವವರು, ಜೊತೆಗೆ ಕೆಲಸದ ಒತ್ತಡ ಇರುವವರು ಚಿಕ್ಕ ಮಾಡ್ಯೂಲ್ ಹಿಡಿಯಿರಿ, ಮೇಲೆ ಹೇಳಿದ ಬೆರಕೆಯ ಒಗ್ಗರಣೆ ಹಾಕಿ. ಗುಂಪು ಗಟ್ಟಿಯಿದ್ದು, ಒಂದೇ ಕತೆಯಲ್ಲಿ ವರ್ಷವಿಡೀ ಮುಳುಗುವ ಆಸೆಯಿದ್ದರೆ ದೊಡ್ಡ ಪುಸ್ತಕ. ಆಟಗಾರರು ದಾರಿ ಬಿಟ್ಟು ಅಲೆಯುವವರೇ ಆದರೆ ಸ್ವಂತದ್ದು ಮೇಲು. ಇಂಥವರ ಮುಂದೆ ಅಚ್ಚಾದ ಕತೆಯ ಅರ್ಧ ಪುಟಗಳು ಓದದೆ ಉಳಿಯುತ್ತವೆ. ಶಾಲೆಯ ಮಕ್ಕಳಿಗೆ ಆಡಿಸುವುದಾದರೂ ಸ್ವಂತದ್ದೇ ವಾಸಿ, ಒಂದೂವರೆ ಗಂಟೆಗೆ ಮುಗಿಯುವಂಥದ್ದು.

ಆಟವೇ ಬೇರೆಯಾದರೆ ಉತ್ತರವೂ ಬೇರೆ. ಕಾಲ್ ಆಫ್ ಕ್ತುಲ್ಹು ರೀತಿಯ ಪತ್ತೇದಾರಿ ಆಟಕ್ಕೆ ಸುಳಿವುಗಳ ಬಲೆ ಹೆಣೆಯುವುದು ಕಷ್ಟದ ಕೆಲಸ, ಕೊಂಡದ್ದೇ ಲೇಸು. ಅದರ ಉಚಿತ ಕ್ವಿಕ್‌ಸ್ಟಾರ್ಟ್‌ನಲ್ಲಿರುವ ‘ದಿ ಹಾಂಟಿಂಗ್’, 1920ರ ದಶಕದ ಬಾಸ್ಟನ್‌ನ ಒಂದು ದೆವ್ವದ ಮನೆಯ ಕತೆ, ಒಂದು ಸಂಜೆಗೆ ಹಿಡಿಸುತ್ತದೆ. ಡಂಜನ್ ವರ್ಲ್ಡ್ ಎಂಬ ಆಟದಲ್ಲಾದರೋ ನಕ್ಷೆ ಬರೆದು ಖಾಲಿ ಜಾಗ ಬಿಡು ಎಂಬುದೇ ನಿಯಮ. ಅಲ್ಲಿಗೆ ಮಾಡ್ಯೂಲ್ ಹೊತ್ತು ತಂದರೆ ಆಟವೇ ತಿರುಗಿ ಬೀಳುತ್ತದೆ.

ಯಾವುದನ್ನಾದರೂ ಕೊಳ್ಳುವ ಮುನ್ನ ಮಾದರಿ ಪುಟಗಳನ್ನು ಹತ್ತು ನಿಮಿಷ ತಿರುವಿ. ಒಂದು ಕೋಣೆಯ ವಿವರಣೆ ತೆರೆದು, ಒಳಗಿರುವವರಿಗೆ ಏನು ಬೇಕು ಎಂಬುದು ಮೊದಲ ಪ್ಯಾರಾದಲ್ಲಿ ಸಿಗುತ್ತದೋ ನೋಡಿ. ಓದಿ ಹೇಳುವ ಚೌಕಟ್ಟು ಐದು ಸಾಲು ಮೀರಿದೆಯೋ ಎಣಿಸಿ. ನಕ್ಷೆಯಲ್ಲಿ ಒಳಗೆ ಹೋಗುವ ದಾರಿ ಒಂದೇ ಇದೆಯೋ ಎರಡಿವೆಯೋ ಬೆರಳಿಟ್ಟು ಹುಡುಕಿ. ಕೋಣೆಗಳೆಲ್ಲ ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟು ಬನ್ನಿ. ಅಂಥದ್ದನ್ನು ಒಂದು ಸಂಜೆಯಲ್ಲಿ ನೀವೇ ಬರೆಯಬಹುದು.